ಚಿಕ್ಕಪ್ಪನ ಟೇಪು, ದೊರೆಸಾನಿಯ ಕುರ್ಚಿ

ನಮ್ಮ ಚಿಕ್ಕಪ್ಪನ ಪ್ರಕಾರ ಬ್ರಿಟಿಷರು ಈ ದೇಶ ಬಿಟ್ಟು ಪೂರ್ತಿ ಹೋಗಿಲ್ಲ. ಬಾವುಟ ಇಳಿಸಿದರು, ಹಡಗು ಹತ್ತಿದರು, ಅದನ್ನೆಲ್ಲ ಅವರು ಒಪ್ಪುತ್ತಾರೆ. ಆದರೆ ಮೊಣಕಾಲು ಮಾತ್ರ ಇಲ್ಲೇ ಬಿಟ್ಟು ಹೋದರಂತೆ! ನಂಬಿಕೆ ಬಾರದವರು ಯಾವುದಾದರೂ ಹಳೇ ಕಚೇರಿಗೆ ಹೋಗಿ, ಅಲ್ಲಿನ ಮರದ ಕುರ್ಚಿಯ ಮೇಲೆ ಬೆನ್ನು ತಾಗಿಸಿ ಕೂತು, ತಮ್ಮ ಪಾದ ಎಲ್ಲಿದೆ ಅಂತ ಬಗ್ಗಿ ನೋಡಿಕೊಳ್ಳಬೇಕಂತೆ. ಹಿಮ್ಮಡಿ ಗಾಳಿಯಲ್ಲಿರುತ್ತದೆ, ಬೆರಳ ತುದಿ ಮಾತ್ರ ನೆಲಕ್ಕೆ ತಾಗಿರುತ್ತದೆ. ಯಾಕೆ? ಕುರ್ಚಿಯ ಎತ್ತರ ಹದಿನೆಂಟು ಇಂಚು. ಹದಿನೆಂಟು ಇಂಚು ಯಾರ ಮೊಣಕಾಲು? ಆರಡಿ ದೊರೆಯದು. ಅವನು ಹೋಗಿ ಎಷ್ಟು ಕಾಲವಾಯಿತು, ನಾವು ಇನ್ನೂ ಅವನ ಅಳತೆಯಲ್ಲೇ ಕೂತಿದ್ದೇವೆ ಅನ್ನುವುದು ಚಿಕ್ಕಪ್ಪನ ವಾದ.

ಇದನ್ನು ಹೇಳುವಾಗ ಅವರ ಮುಖದಲ್ಲಿ ನಗು ಹುಡುಕಬೇಡಿ, ಸಿಗುವುದಿಲ್ಲ. ಅವರು ವಿಮಾನ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಆಯುಷ್ಯ ಕಳೆದವರು. ಲೋಹ ಎರಕ ಹೊಯ್ಯುವ ಮೊದಲು ಅದೇ ಭಾಗವನ್ನು ಮರದಲ್ಲಿ ಕೆತ್ತಿ ಅಚ್ಚು ಮಾಡಿಕೊಡುವ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ವಾರದ ಕೆಲಸ ಕಸದ ಬುಟ್ಟಿಗೆ. ನಿವೃತ್ತಿಯಾದ ಮೇಲೆ ಅಳೆಯಲು ವಿಮಾನ ಸಿಗಲಿಲ್ಲವಲ್ಲ, ಮನುಷ್ಯರನ್ನು ಹಿಡಿದುಕೊಂಡರು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದೆ ಅವರ ಮನೆ. ಪಕ್ಕದಲ್ಲಿ ಒಂದು ತಗಡಿನ ಶೆಡ್ಡು. ಅಲ್ಲಿ ಕೂತು ಸ್ಟೂಲು, ಮಣೆ, ಕುರ್ಚಿ ಮಾಡುತ್ತಾರೆ. ಯಾರು ಕೂರುತ್ತಾರೆ ಅಂತ ಗೊತ್ತಾಗದೆ ಮರಕ್ಕೆ ಗರಗಸ ಇಡುವುದಿಲ್ಲ, ಅದು ಅವರ ಶಪಥ. "ಡ್ರಾಯಿಂಗ್ ರೂಮಿಗೆ ಎರಡು ಕುರ್ಚಿ ಬೇಕಿತ್ತು" ಅಂತ ಬಂದವರನ್ನು ನಿಲ್ಲಿಸಿ, ಮನೆಯಲ್ಲಿ ಎಷ್ಟು ಜನ, ಎಲ್ಲರನ್ನೂ ಕರ್ಕೊಂಡು ಬನ್ನಿ ಅನ್ನುತ್ತಾರೆ. ಅರ್ಧ ಜನ ಅಲ್ಲಿಂದಲೇ ವಾಪಸ್ ಹೋಗಿ ಅಂಗಡಿಯಲ್ಲಿ ಕೊಳ್ಳುತ್ತಾರೆ.

ಗಂಡಸರಾದರೆ ಪ್ಯಾಂಟು ಜೇಬಿನಿಂದ ಸ್ಟೀಲ್ ಟೇಪು ತೆಗೆದು, ಮಂಡಿಯ ಹಿಂಬದಿಯಿಂದ ನೆಲದವರೆಗೆ ತಾವೇ ಅಳೆಯುತ್ತಾರೆ. ಹೆಂಗಸರಾದರೆ ಟೇಪು ಹೊರಗೆ ಬರುವುದಿಲ್ಲ. ಒಂದು ಹುರಿ ಕೊಟ್ಟು, ಆಕಡೆ ತಿರುಗಿ ನಿಲ್ಲುತ್ತಾರೆ. ಅವರೇ ಹುರಿಯ ತುದಿಯನ್ನು ಹಿಮ್ಮಡಿಗೆ ಒತ್ತಿಕೊಂಡು ಮಂಡಿಯ ಹತ್ತಿರ ಗಂಟು ಹಾಕಿ ಕೊಡಬೇಕು. ಅವರ ಶೆಡ್ಡಿನ ಮೊಳೆಗಳಿಗೆ ಗಂಟು ಹಾಕಿದ ಹುರಿಗಳು ನೇತಾಡುತ್ತವೆ. ಹೊಸಬರು ನೋಡಿದರೆ ಇವರು ಮಾಟ ಮಂತ್ರದವರು ಅಂದುಕೊಳ್ಳುತ್ತಾರೆ.

ನನ್ನ ಚಿಕ್ಕಮ್ಮನ ತಂಗಿ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಎಲ್ಲ ಚೆನ್ನಾಗಿತ್ತು. ಕೇಸರಿಬಾತು ಆಗಿತ್ತು, ಕೆಲಸ ಎಲ್ಲಿ ಅಂತ ಕೇಳಿಯಾಗಿತ್ತು. ಹುಡುಗ ನಾಚಿಕೊಂಡು ಸೋಫಾದ ತುದಿಯಲ್ಲಿ ಕೂತಿದ್ದ. ಚಿಕ್ಕಪ್ಪ ಅವನ ಮುಂದೆ ಮಂಡಿಯೂರಿದರು. ಕಾಲಿಗೆ ಬೀಳುತ್ತಿದ್ದಾರೆ ಅಂದುಕೊಂಡು ಹುಡುಗ ಗಾಬರಿಯಾಗಿ ಎದ್ದು ನಿಂತ. "ಕೂತ್ಕೊಳ್ಳಿ ಕೂತ್ಕೊಳ್ಳಿ" ಅಂತ ಅವನನ್ನು ಕೂರಿಸಿ ಟೇಪು ಹಿಡಿದು, ಎದ್ದು, ಎಲ್ಲರಿಗೂ ಕೇಳುವಂತೆ ವರದಿ ಒಪ್ಪಿಸಿದರು. ಹುಡುಗ ಹದಿನೇಳೂಮುಕ್ಕಾಲು ಇಂಚು, ನಮ್ಮ ಹುಡುಗಿ ಹದಿನಾಲ್ಕೂವರೆ, ಇವರಿಬ್ಬರೂ ಒಂದೇ ಸೋಫಾದ ಮೇಲೆ ಹೇಗೆ ಸಂಸಾರ ಮಾಡ್ತಾರೆ? ಗಂಡಿನ ತಾಯಿ ಅವತ್ತು ಕಾಫಿ ಮುಟ್ಟಲಿಲ್ಲ. ಆದರೂ ಮದುವೆ ಆಯಿತು ಅನ್ನಿ. ಮದುವೆಗೆ ಚಿಕ್ಕಪ್ಪ ಕೊಟ್ಟ ಉಡುಗೊರೆ ಎರಡು ಕುರ್ಚಿ, ಒಂದು ಎತ್ತರ, ಒಂದು ಕುಳ್ಳ. ಆ ದಂಪತಿ ಗರುಡಾಚಾರ್‌ಪಾಳ್ಯದ ಮನೆಯಲ್ಲಿ ಇವತ್ತಿಗೂ ಅದರ ಮೇಲೆಯೇ ಕೂತು ಜಗಳ ಆಡುತ್ತಾರೆ, ಸೋಫಾ ಬಟ್ಟೆ ಒಣಹಾಕಲು ಇದೆ.

ಇನ್ನು ಕಲ್ಯಾಣ ಮಂಟಪಕ್ಕೆ ಹೋದರೆ ಊಟಕ್ಕಿಂತ ಮೊದಲು ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಸವರುತ್ತಾರೆ. ಅದರ ಎತ್ತರ ನಮ್ಮ ಜನಕ್ಕೆ ಹತ್ತಿರ ಹತ್ತಿರ ಸರಿಯಂತೆ. ಅದನ್ನು ಮಾಡಿದವನು ಯಾರೋ ದೇವರಂಥ ಮನುಷ್ಯ ಇರಬೇಕು ಅನ್ನುತ್ತಾರೆ. ಜೀವನಪೂರ್ತಿ ತೇಗ, ಬೀಟೆ ಮುಟ್ಟಿದ ಕೈ ಪ್ಲಾಸ್ಟಿಕ್ ಕುರ್ಚಿಗೆ ಮುಗಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇಂಥವರನ್ನು ನನ್ನ ಕೆಲಸಕ್ಕೆ ಯಾಕೆ ಸೇರಿಸಿಕೊಂಡೆ ಅಂತ ನೀವು ಕೇಳಬಹುದು. ನಾನೇನು ಸೇರಿಸಿಕೊಂಡೆನೇ? ಅವರೇ ಬಂದು ಸೇರಿದರು.

ನಾನು ಇಂದಿರಾನಗರದಲ್ಲಿ ಒಂದು ಪುಟ್ಟ ಆಫೀಸು ಇಟ್ಟುಕೊಂಡು ಮನೆ, ಅಂಗಡಿಗಳ ಒಳಾಂಗಣ ವಿನ್ಯಾಸ ಮಾಡುತ್ತೇನೆ. ಹಲಸೂರು ಕೆರೆಯ ಹತ್ತಿರ ಒಂದು ಹಳೇ ಬಂಗಲೆ ಇದೆ. ಅದನ್ನು ನೋಡಿಕೊಳ್ಳುವ ಟ್ರಸ್ಟಿನವರು ಅದರ ದೊಡ್ಡ ಹಾಲಿನಲ್ಲಿ ಒಂದು ಓದುಕೋಣೆ ಮಾಡಬೇಕು ಅಂದುಕೊಂಡರು. ಬರೀ ಓದುಕೋಣೆ ಅಲ್ಲ, ಕೋಣೆಯೇ ಒಂದು ಕಲಾಕೃತಿಯ ಹಾಗೆ ಇರಬೇಕು. ಅಲ್ಲಿ ಇಡುವ ಪುಸ್ತಕಗಳೆಲ್ಲ ಬ್ರಿಟಿಷರ ಆಳ್ವಿಕೆ ನಮ್ಮಲ್ಲಿ ಏನೇನು ಬಿಟ್ಟುಹೋಯಿತು ಅನ್ನುವುದರ ಬಗ್ಗೆ: ರೈಲು, ಬರಗಾಲ, ಟೀ ತೋಟ, ಇಸ್ಕೂಲು, ಜನಗಣತಿ, ಭೂಮಿಯ ಸರ್ವೆ. ಟ್ರಸ್ಟನ್ನು ನಡೆಸುವ ಮೇಡಂ ನನ್ನನ್ನು ಕರೆದಾಗ ನಾನು ಕುಣಿದಾಡಿಬಿಟ್ಟೆ. ಅಡಿಗೆಮನೆ ಕಪಾಟು, ಶೂ ಸ್ಟ್ಯಾಂಡು ಮಾಡಿ ಮಾಡಿ ಸಾಕಾಗಿತ್ತು. ಮೊದಲ ಸಲ ನಾಲ್ಕು ಜನ ನೋಡುವಂಥ ಕೆಲಸ!

ಮೂರು ವಾರ ಕೂತು ನಕ್ಷೆ ಮಾಡಿದೆ. ಏನು ನಕ್ಷೆ ಅಂತೀರಿ! ಸೂರಿನಿಂದ ಪುಸ್ತಕಗಳು ಫೈಲು ಕಟ್ಟುವ ಕೆಂಪು ಲಾಡಿಯಲ್ಲಿ ನೇತಾಡಬೇಕು. ಗೋಡೆಗೆ ಟೀ ಪೆಟ್ಟಿಗೆಯ ಹಲಗೆ. ಮೂಲೆಯಿಂದ ಸಣ್ಣಗೆ ಉಗಿಬಂಡಿಯ ಸದ್ದು. ಒಳಗೆ ಬಂದವರಿಗೆ ಉಸಿರು ಕಟ್ಟಿದ ಹಾಗಾಗಬೇಕು ಅಂತ ಟಿಪ್ಪಣಿ ಬೇರೆ ಬರೆದಿದ್ದೆ. ಹೆಮ್ಮೆಯಿಂದ ಹೋಗಿ ಚಿಕ್ಕಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಒಂದೊಂದಾಗಿ ತಿರುವಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಚೆನ್ನಾಗಿದೆ ಪುಟ್ಟಿ. ಓದೋರು ಎಲ್ಲಿ ಕೂರ್ತಾರೆ?"

ನಾನು ನಕ್ಷೆ ಕಸಿದುಕೊಂಡು ನೋಡಿದೆ. ಲಾಡಿ ಇತ್ತು, ಪೆಟ್ಟಿಗೆ ಇತ್ತು, ಸ್ಪೀಕರ್ ಇತ್ತು. ಕುರ್ಚಿ ಇರಲಿಲ್ಲ. ಓದುಕೋಣೆಗೆ ಒಂದೇ ಒಂದು ಕುರ್ಚಿ ಹಾಕುವುದನ್ನು ನಾನು ಮರೆತಿದ್ದೆ. ಮೂರು ವಾರದಲ್ಲಿ ಒಬ್ಬ ಓದುಗನೂ ನನ್ನ ತಲೆಗೆ ಬಂದಿರಲಿಲ್ಲ ಅಂತ ಆಗ ಗೊತ್ತಾಗಿ, ನಿಜವಾಗಿ ನಾಚಿಕೆಯಾಯಿತು. ಚಿಕ್ಕಪ್ಪ ನಗಲಿಲ್ಲ. ಕುರ್ಚಿ ನಾನು ಮಾಡ್ತೀನಿ ಅಂದರು, ಅಷ್ಟೇ.

ಸರಿ, ಓದುಗರ ಅಳತೆ ಬೇಕಲ್ಲ ಅಂತ ಶುರು ಮಾಡಿದರು! ಓದುಗರು ಇನ್ನೂ ಬಂದಿಲ್ಲ, ಕೋಣೆಯೇ ಮುಗಿದಿಲ್ಲ ಅಂದೆ. ಮರುದಿನ ಮಧ್ಯಾಹ್ನ ಬಂಗಲೆಗೆ ಹೋಗಿ ನೋಡಿದರೆ, ಊಟದ ಹೊತ್ತಿನಲ್ಲಿ ಬೇವಿನ ಮರದ ಕೆಳಗೆ ಚಿಕ್ಕಪ್ಪ ಆಕಡೆ ತಿರುಗಿ ನಿಂತಿದ್ದಾರೆ, ಅವರ ಹಿಂದೆ ಬಂಗಲೆಯ ರಿಪೇರಿಗೆ ಬಂದಿದ್ದ ಟೈಲ್ಸ್ ಕೆಲಸದ ಹೆಂಗಸರೆಲ್ಲ ಹುರಿ ಹಿಡಿದುಕೊಂಡು ಬಿದ್ದು ಬಿದ್ದು ನಗುತ್ತಿದ್ದಾರೆ! ಎಲ್ಲ ಯಾದಗಿರಿ, ರಾಯಚೂರು ಕಡೆಯವರು, ಬೈಯಪ್ಪನಹಳ್ಳಿ ರೈಲು ಹಳಿಯ ಪಕ್ಕ ಬಾಡಿಗೆ ರೂಮುಗಳಲ್ಲಿ ಇರುವವರು. ಅವರಲ್ಲಿ ಶರಣಮ್ಮ ಅಂತ ಒಬ್ಬಾಕೆ, ಬಾಯಿ ಜೋರು.

"ಕುರ್ಚಿ ಮ್ಯಾಲ ಕಾಲಿಲೆ ಕುಂದರ್ತಾರೇನ್ರಿ ಅಣ್ಣಾರ? ಅಳಿಯೋದಿದ್ರ ಕುಂಡಿ ಅಳೀರಿ."

ಚಿಕ್ಕಪ್ಪನ ಕಿವಿಯ ತುದಿ ಕೆಂಪಾಯಿತು. ಆದರೂ ತಿರುಗದೆ, ಪಾದ ನೆಲಕ್ಕೆ ಊರಿದರೆ ಮಾತ್ರ ಮನುಷ್ಯ ಹೆಚ್ಚು ಹೊತ್ತು ಕೂರಬಲ್ಲ, ಹೆಚ್ಚು ಹೊತ್ತು ಕೂತರೆ ಮಾತ್ರ ಓದಬಲ್ಲ ಅಂತ ಪಾಠ ಹೇಳಿದರು. ಶರಣಮ್ಮ ಹುರಿಯ ತುದಿಯನ್ನು ಹಿಮ್ಮಡಿಗೆ ಒತ್ತಿಕೊಂಡಳು. ತಾನು ಆರನೇ ಇಯತ್ತೆ ತನಕ ಓದಿದ್ದೇನೆ, ಪೇಪರ್ ಸಿಕ್ಕರೆ ಈಗಲೂ ಓದುತ್ತೇನೆ, ಆದರೆ ಬೆಂಗಳೂರಲ್ಲಿ ಕುರ್ಚಿ ಮೇಲೆ ಕೂತು ಓದಿದ್ದಿಲ್ಲ ಅಂದಳು. ಗಂಟು ಬಿಗಿಯಾಗಿ ಹಾಕಿ ಹುರಿ ಕೊಟ್ಟಳು. ಚಿಕ್ಕಪ್ಪ ಹೀಗೆ ಪೇಂಟರುಗಳು, ಎಲೆಕ್ಟ್ರಿಕ್ ಕೆಲಸದವರು, ವಾಚ್‌ಮನ್, ಗೇಟಿನ ಎದುರು ಮಲ್ಲಿಗೆ ಮಾರುವ ತಮಿಳಿನ ಅಜ್ಜಿ, ಎಲ್ಲರದೂ ಬರೆದುಕೊಂಡರು.

ಮೇಡಂಗೆ ವಿಷಯ ತಿಳಿದು ನನ್ನನ್ನು ಕರೆಸಿದರು. ಇವರು ನಮ್ಮ ಓದುಗರಲ್ಲವಲ್ಲ ಅಂತ ತುಂಬ ಮೃದುವಾಗಿಯೇ ಹೇಳಿದರು. ಅವರ ಮನಸ್ಸಲ್ಲಿ ಹಳೇ ಬಂಗಲೆಗಳಲ್ಲಿ ಇರುತ್ತಿದ್ದಂಥ ಎತ್ತರದ ಬೆತ್ತದ ಕುರ್ಚಿಗಳಿದ್ದವು, ಆ ಕಾಲ ಹೇಗಿತ್ತು ಅಂತ ಬಂದವರಿಗೆ ಅನಿಸಬೇಕಂತೆ. ಚಿಕ್ಕಪ್ಪ ಪಕ್ಕದಲ್ಲೇ ಇದ್ದರು. ಬರೋರು ಯಾರು ಅಂತ ನಿಮಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ, ಬಂದಿರೋರನ್ನ ಅಳೆದೆ ಅಂದರು. ಬ್ರಿಟಿಷರು ನಮ್ಮ ಭೂಮಿಯನ್ನೆಲ್ಲ ಚೈನು ಹಿಡಿದು ಅಳೆದರು, ತಲೆ ಎಣಿಸಿದರು, ಆದರೆ ನಮ್ಮ ಮೊಣಕಾಲು ಎಷ್ಟು ಅಂತ ಒಂದು ದಿನ ಕೇಳಲಿಲ್ಲ, ನೀವೂ ಕೇಳದೆ ಇದ್ದರೆ ಹೇಗೆ ಅಂತ ಸೇರಿಸಿದರು. ಮೇಡಂ ಬ್ಯಾಗ್ ಎತ್ತಿಕೊಂಡು ಹೊರಟುಹೋದರು. ಕೆಲಸ ಕೈತಪ್ಪಿತು ಅಂತ ನಾನು ಅವತ್ತು ಊಟ ಮಾಡಲಿಲ್ಲ.

ಹತ್ತು ದಿನ ಬಿಟ್ಟು ಚಿಕ್ಕಪ್ಪ ಮಾದರಿಗೆ ಅಂತ ಮೂರು ಕುರ್ಚಿ ತಂದಿಟ್ಟರು. ಹದಿನಾಲ್ಕೂವರೆ, ಹದಿನೈದೂವರೆ, ಹದಿನಾರೂವರೆ. ಮೇಡಂ ಕುಳ್ಳಗಿನ ಹೆಂಗಸು. ಯಾವಾಗಲೂ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಯೇ ಇರುತ್ತಿದ್ದರು. ಮನಸ್ಸಿಲ್ಲದ ಮನಸ್ಸಿನಿಂದ ಮೊದಲನೆಯದರಲ್ಲಿ ಕೂತರು. ಒಂದು ನಿಮಿಷವಾದ ಮೇಲೆ ಚಪ್ಪಲಿ ಬಿಟ್ಟರು. ಬರಿಗಾಲನ್ನು ನೆಲಕ್ಕೆ ಊರಿ, ಪಕ್ಕದಲ್ಲಿದ್ದ ಪುಸ್ತಕವೊಂದನ್ನು ತೆಗೆದುಕೊಂಡರು. ನಾವಿಬ್ಬರೂ ಅಲ್ಲೇ ನಿಂತೇ ಇದ್ದೆವು, ಅವರು ನಾಲ್ಕು ಪುಟ ಓದಿದರು. ಕೆಂಪು ಲಾಡಿ ಬೇಡ ಬಿಡಿ, ಪುಸ್ತಕ ಕೈಗೆ ಸಿಗುವ ಹಾಗೆ ಶೆಲ್ಫಿನಲ್ಲೇ ಇರಲಿ ಅಂದರು. ನನ್ನ ಮೂರು ವಾರದ ಕಲಾಕೃತಿ ಹೀಗೆ ಚಿಕ್ಕಪ್ಪನ ಗರಗಸಕ್ಕೆ ಸಿಕ್ಕು ಸತ್ತಿತು.

ಇಲ್ಲಿಗೆ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಮೇಡಂ ಒಂದು ಮಾತು ಕೇಳಿದರು: ಕೋಣೆಯ ನಟ್ಟನಡುವೆ ಆ ಕಾಲದ ನಿಜವಾದ ಒಂದು ವಸ್ತು ಇರಬೇಕು, ಒಂದೇ ಒಂದು, ಸಾಕು. ನನ್ನ ಬಾಯಿಗೆ ಬೀಗ ಇದ್ದಿದ್ದರೆ! "ನಮ್ಮ ಮನೇಲೊಂದು ಕುರ್ಚಿ ಇದೆ ಮೇಡಂ" ಅಂದುಬಿಟ್ಟೆ.

ಆ ಕುರ್ಚಿಯ ಕಥೆ ಹೇಳಬೇಕು. ನಮ್ಮ ತಾತ ಕಂಟೋನ್ಮೆಂಟಿನ ಒಂದು ಬಂಗಲೆಯಲ್ಲಿ ಬಟ್ಲರ್ ಆಗಿದ್ದರು. ಊಟದ ಹೊತ್ತಿನಲ್ಲಿ ದೊರೆಯ ಕುರ್ಚಿಯ ಹಿಂದೆ ಬಿಳೀ ಕೋಟು ಹಾಕಿಕೊಂಡು ನಿಲ್ಲುವುದು ಅವರ ಕೆಲಸ. ಸ್ವಾತಂತ್ರ್ಯ ಬಂದ ಮೇಲೂ ಎಷ್ಟೋ ವರ್ಷ ಆ ಮನೆಯ ಮುದಿ ದೊರೆಸಾನಿ ಇಲ್ಲೇ ಇದ್ದಳು, ತಾತ ನಿಂತೇ ಇದ್ದರು. ಕೊನೆಗೆ ಆಕೆ ತನ್ನೂರಿಗೆ ಹೊರಟಾಗ, ಇಷ್ಟು ವರ್ಷ ನಿಂತಿದ್ದೀಯ, ಇನ್ನು ಕೂತುಕೋ ಅಂತ ಹೇಳಿ ಊಟದ ಮೇಜಿನ ಒಂದು ಬೀಟೆ ಕುರ್ಚಿ ಕೊಟ್ಟಳಂತೆ. ತಾತ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಶಿವಾಜಿನಗರದ ಮಧ್ಯೆ ಹಾಯ್ದು ಹಲಸೂರಿನ ನಮ್ಮ ಮನೆಗೆ ತಂದರು. ನಮ್ಮ ಕೇರಿಯಲ್ಲಿ ಅದೇ ಮೊದಲ ಕುರ್ಚಿ.

ಅದರ ಮೇಲೆ ತಾತ ಕೂರುತ್ತಿದ್ದದ್ದು ನನಗೆ ಮಸುಕು ಮಸುಕಾಗಿ ನೆನಪಿದೆ. ದಿನಾ ಸಂಜೆ ಬಾಗಿಲ ಮುಂದೆ ಹಾಕಿಸಿಕೊಂಡು ಕೂರುತ್ತಿದ್ದರು. ತಾತ ಐದಡಿ ಇದ್ದಿರಬೇಕು. ಕಾಲು ಎರಡೂ ಜೋತಾಡುತ್ತಿದ್ದವು. ನಾನು ನೆಲದ ಮೇಲೆ ಕೂತು ಆ ಪಾದ ಹಿಡಿದು ಆಡುತ್ತಿದ್ದೆ. ಕೊನೆಯ ವರ್ಷಗಳಲ್ಲಿ ಅವು ಊದಿಕೊಂಡಿರುತ್ತಿದ್ದವು, ಬೆರಳು ಒತ್ತಿದರೆ ಗುಳಿ ಬೀಳುತ್ತಿತ್ತು. ಕಾಲಿಗೆ ಮಣೆ ಕೊಟ್ಟರೆ ಬೇಡ ಅನ್ನುತ್ತಿದ್ದರು, ಕಾಲ್ಮಣೆ ದೊರೆಗಳಿಗೆ ಅಂತ. ನೆಲದ ಮೇಲೆ ಕೂರಿ ಅಂದರೂ ಕೇಳುತ್ತಿರಲಿಲ್ಲ.

ಆಗ ಚಿಕ್ಕಪ್ಪ ಕಾರ್ಖಾನೆಯಲ್ಲಿ ಹೊಸದಾಗಿ ಕೆಲಸ ಕಲಿತಿದ್ದರು. ಒಂದು ಭಾನುವಾರ ಗರಗಸ ತಂದು ಕುರ್ಚಿಯನ್ನು ಮಗುಚಿ ಹಾಕಿದರು. ಕಾಲು ಮೂರು ಇಂಚು ಕಮ್ಮಿ ಮಾಡಿದರೆ ತಾತನ ಪಾದ ನೆಲಕ್ಕೆ ಸಿಗುತ್ತದೆ ಅಂತ. ನಮ್ಮ ಅಪ್ಪ, ಅಂದರೆ ಚಿಕ್ಕಪ್ಪನ ಅಣ್ಣ, ಅಡ್ಡ ಬಂದು ನಿಂತರು. ದೊರೆಸಾನಿ ಕೈಯಾರೆ ಕೊಟ್ಟದ್ದು, ಅದಕ್ಕೆ ಗರಗಸ ಇಡ್ತೀಯಾ, ಮೊದಲು ನನ್ನ ಕಾಲು ಕತ್ತರಿಸು ಅಂದರು. ದೊಡ್ಡ ರಂಪ ಆಯಿತು. ಕುರ್ಚಿ ಉಳಿಯಿತು. ಅದಾಗಿ ಒಂದು ವರ್ಷಕ್ಕೆ ತಾತ ಹೋದರು. ಆಗ ಕುರ್ಚಿಯ ಮೇಲೇ ಕೂತಿದ್ದರು, ಪಾದ ಗಾಳಿಯಲ್ಲಿತ್ತು. ತಿಥಿ ಮುಗಿದ ಕೂಡಲೇ ಚಿಕ್ಕಪ್ಪ ಮನೆ ಬಿಟ್ಟು ತಿಪ್ಪಸಂದ್ರಕ್ಕೆ ಹೋದರು.

ನಲವತ್ತು ವರ್ಷವಾಯಿತು. ಅಣ್ಣ ತಮ್ಮ ಜಗಳವಾಡುವುದಿಲ್ಲ, ಮಾತನ್ನೂ ಆಡುವುದಿಲ್ಲ. ಮದುವೆಯಲ್ಲಿ ಎದುರಾದರೆ "ಊಟ ಆಯ್ತಾ?" "ಆಯ್ತು." ಸಾವಿನ ಮನೆಯಲ್ಲಿ ಎದುರಾದರೆ "ಯಾವಾಗ ಬಂದೆ?" "ಈಗ." ಇಷ್ಟೇ. ಚಿಕ್ಕಪ್ಪ ಊರೆಲ್ಲ ಸುತ್ತಿ ಕಂಡ ಕಂಡವರಿಗೆ ಹೇಳುವ ಮಾತು ಒಂದೇ, ನಮ್ಮಣ್ಣ ಬಿಡಲಿಲ್ಲ. ಇತ್ತ ಅಪ್ಪ ಹಾಲಿನಲ್ಲಿ ಬುದ್ಧನ ಪಟದ ಕೆಳಗೆ ಆ ಕುರ್ಚಿಯನ್ನು ಇಟ್ಟು, ಬೆಡ್‌ಶೀಟ್ ಹೊದಿಸಿ, ಯಾರನ್ನೂ ಕೂರಲು ಬಿಡದೆ ಕಾದುಕೊಂಡು ಬಂದರು. ತಾವೂ ಒಂದು ದಿನ ಕೂರಲಿಲ್ಲ. ಬುದ್ಧ ಪೂರ್ಣಿಮೆ ದಿನ ಬುದ್ಧನಿಗೆ ಒಂದು ಹೂವು, ಕುರ್ಚಿಗೆ ಒಂದು ಹೂವು! ಯಾರ ಕುರ್ಚಿ, ಯಾರ ಪೂಜೆ ಅಂತ ಕೇಳಲು ನಮ್ಮ ಮನೆಯಲ್ಲಿ ಯಾರಿಗೂ ಧೈರ್ಯ ಇರಲಿಲ್ಲ.

ಅಪ್ಪ ಕುರ್ಚಿ ಕೊಡಲು ಒಪ್ಪುತ್ತಾರೆ ಅಂತ ನಾನು ಕನಸಲ್ಲೂ ಅಂದುಕೊಂಡಿರಲಿಲ್ಲ. ಒಪ್ಪಿದರು. ಷರತ್ತು ಮೂರು. ಸುತ್ತ ಹಗ್ಗ ಕಟ್ಟಬೇಕು, ಯಾರೂ ಕೂರಬಾರದು, ಪಕ್ಕದಲ್ಲಿ ತಾತನ ಹೆಸರು ಬರೆದಿರಬೇಕು. ಲಗೇಜ್ ಆಟೋದಲ್ಲಿ ಕುರ್ಚಿಯ ಜೊತೆ ತಾವೂ ಹಿಂದೆ ಕೂತು, ಹಳ್ಳ ಬಂದಾಗಲೆಲ್ಲ ಅದನ್ನು ತಬ್ಬಿ ಹಿಡಿದುಕೊಂಡು ಬಂಗಲೆಯ ತನಕ ಬಂದು ಬಿಟ್ಟು ಹೋದರು. ಎಪ್ಪತ್ತೆಂಟು ವರ್ಷದ ಮನುಷ್ಯ.

ಕುರ್ಚಿಯ ಪಾಲಿಶ್ ಹೋಗಿತ್ತು, ಒಂದು ಕೈ ಅಲುಗಾಡುತ್ತಿತ್ತು. ಮೇಡಂ ರಿಪೇರಿ ಮಾಡಿಸಿ ಅಂದರು. ಬೀಟೆ ಕೆಲಸ ಗೊತ್ತಿದ್ದವರು ನನಗೆ ಗೊತ್ತಿದ್ದದ್ದು ಒಬ್ಬರೇ. ಅಪ್ಪನಿಗೆ ಹೇಳದೆ ತಿಪ್ಪಸಂದ್ರಕ್ಕೆ ಕಳಿಸಿದೆ. ಕಳಿಸುವಾಗ ನನಗೆ ಅನುಮಾನ ಬರಲಿಲ್ಲವೇ ಅಂತ ಆಮೇಲೆ ಎಲ್ಲರೂ ಕೇಳಿದರು. ಬಂತು. ಆದರೂ ಕಳಿಸಿದೆ. ಯಾಕೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ.

ಉದ್ಘಾಟನೆಗೆ ಎರಡು ದಿನ ಇತ್ತು. ಶೆಡ್ಡಿಗೆ ಹೋದೆ. ಕುರ್ಚಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ಹಳೇ ಪೇಪರಿನ ಮೇಲೆ ನಾಲ್ಕು ಮರದ ತುಂಡುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಚಿಕ್ಕಪ್ಪ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು.

"ಎಷ್ಟು ಕತ್ತರಿಸಿದ್ರಿ?" ಅಂತ ಕೇಳಿದೆ.

"ಎರಡೂಮುಕ್ಕಾಲು."

"ಯಾರ ಅಳತೆ?"

"ನಮ್ಮಪ್ಪಂದು. ಎಲ್ಲೂ ಬರೆದಿಟ್ಟಿರಲಿಲ್ಲ. ನೆನಪಿತ್ತು."

ಆಮೇಲೆ ನಾನು ಆಡಿದ ಮಾತು ಬರೆಯುವುದಿಲ್ಲ. ಆಡಬಾರದ್ದೆಲ್ಲ ಆಡಿದೆ. ನಿಮ್ಮ ಹುಚ್ಚಿಗೆ ಮಿತಿ ಇಲ್ಲವಾ, ಅಪ್ಪ ನನ್ನ ನಂಬಿ ಕೊಟ್ಟದ್ದು, ಅವರಿಗೆ ಏನಾದರೂ ಆದರೆ ನೀವೇ ಹೊಣೆ ಅಂದೆ. ಅಳುತ್ತಲೇ ಅಂದೆ. ಎಲ್ಲ ಮುಗಿದ ಮೇಲೆ ಚಿಕ್ಕಪ್ಪ, ಆ ತುಂಡುಗಳನ್ನು ಒಳಗೆ ಗೂಟ ಕೊಟ್ಟು ಮತ್ತೆ ಜೋಡಿಸಬಹುದು, ಗೆರೆ ಕೂಡ ಕಾಣುವುದಿಲ್ಲ ಅಂದರು. ಅಣ್ಣ ಹೇಳಿದರೆ ಅವತ್ತೇ ಜೋಡಿಸಿಕೊಡುತ್ತೇನೆ. ಆದರೆ ಅಣ್ಣ ಒಂದು ಸಲ ಕೂತು ನೋಡಲಿ. ಒಂದೇ ಸಲ.

ಮೇಡಂಗೆ ಹೇಳಿದಾಗ ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು. ಅಂಥ ವಸ್ತುವನ್ನು ಕತ್ತರಿಸಿದ ಮೇಲೆ ಅದಕ್ಕೇನು ಬೆಲೆ, ನಡುವೆ ಇಡುವುದು ಹೇಗೆ ಅಂತ ಸಿಟ್ಟಾದರು. ಕೊನೆಗೆ, ಕುರ್ಚಿ ನಿಮ್ಮ ತಂದೆಯದು, ಅವರು ಬೇಡ ಅಂದರೆ ವಾಪಸ್ ತೆಗೆದುಕೊಂಡು ಹೋಗಲಿ, ಜಾಗ ಖಾಲಿ ಬಿಡೋಣ ಅಂದರು. ನನಗೆ ಖಾಲಿ ಜಾಗದ ಚಿಂತೆ ಇರಲಿಲ್ಲ. ಈ ಇಬ್ಬರು ಮುದುಕರ ನಡುವೆ "ಊಟ ಆಯ್ತಾ" ಅನ್ನುವ ಮಾತಾದರೂ ಉಳಿದಿತ್ತಲ್ಲ, ಅದೂ ಹೋಗುತ್ತದೆ ಅನ್ನುವುದೇ ಚಿಂತೆ.

ಉದ್ಘಾಟನೆಯ ದಿನ ಅಪ್ಪನನ್ನು ಎಲ್ಲರಿಗಿಂತ ಒಂದು ಗಂಟೆ ಮೊದಲೇ ಕರೆಸಿಕೊಂಡೆ. ಇಸ್ತ್ರಿ ಮಾಡಿದ ಬಿಳೀ ಶರ್ಟು ಹಾಕಿಕೊಂಡು ಬಂದರು. ಹಾಲಿನ ಸುತ್ತ ಪುಸ್ತಕದ ಶೆಲ್ಫುಗಳು, ಕುಳ್ಳ ಕುಳ್ಳ ಕುರ್ಚಿಗಳು. ನಡುವೆ ಆ ಕುರ್ಚಿ. ಹಗ್ಗ ಕಟ್ಟಿರಲಿಲ್ಲ. ಚಿಕ್ಕಪ್ಪ ಆಚೆ ಗೋಡೆಯ ಹತ್ತಿರ ಕೈ ಕಟ್ಟಿ ನಿಂತಿದ್ದರು.

ಅಪ್ಪನಿಗೆ ನೋಡಿದ ಕೂಡಲೇ ಗೊತ್ತಾಯಿತು. ನಲವತ್ತು ವರ್ಷ ದಿನಾ ಧೂಳು ಒರೆಸಿದವರಿಗೆ ಗೊತ್ತಾಗದೆ ಇರುತ್ತದೆಯೇ? ಸುತ್ತ ಒಂದು ಸಲ ಬಂದರು. ಬಗ್ಗಿ ನಾಲ್ಕೂ ಕಾಲುಗಳನ್ನು ಕೈಯಿಂದ ಮುಟ್ಟಿ ನೋಡಿದರು. ಬೆನ್ನು ನೆಟ್ಟಗೆ ಮಾಡಿ ತಮ್ಮನ ಕಡೆ ನೋಡಿದರು. ನಾನು ಮುಂದೆ ಬಂದು, ಅಪ್ಪ, ಒಂದು ಸಲ ಕೂತು ನೋಡಬೇಕಂತೆ, ಆಮೇಲೆ ನೀವು ಹೇಳಿದ ಹಾಗೆ ಅಂದೆ. ಅವರು ತುಂಬ ಹೊತ್ತು ನಿಂತೇ ಇದ್ದರು. ಆಮೇಲೆ ಕುರ್ಚಿಯ ಕೈ ಹಿಡಿದುಕೊಂಡು, ಹುಷಾರಾಗಿ, ಯಾರಾದರೂ ಎಬ್ಬಿಸಿಬಿಡುತ್ತಾರೋ ಅನ್ನುವ ಹಾಗೆ ಕೂತರು.

ಪಾದ ನೆಲಕ್ಕೆ ಊರಿತು. ಪೂರ್ತಿ, ಹಿಮ್ಮಡಿ ಸಮೇತ. ನಮ್ಮ ಅಪ್ಪ ತಾತನಷ್ಟೇ ಎತ್ತರ ಅಂತ ನಾನು ಯಾವತ್ತೂ ಗಮನಿಸಿರಲಿಲ್ಲ.

ಅಪ್ಪ ತಮ್ಮ ಪಾದಗಳನ್ನೇ ನೋಡುತ್ತಿದ್ದರು. ಕಾಲು ಸ್ವಲ್ಪ ಹಿಂದೆ ತಂದರು, ಮುಂದೆ ಇಟ್ಟರು, ನೆಲವನ್ನು ಒತ್ತಿ ನೋಡಿದರು.

"ಅಪ್ಪನ ಕಾಲು ಎಷ್ಟು ಊದ್ತಿತ್ತು ಕಣೋ" ಅಂದರು. "ನಾನು ಬಿಡಲಿಲ್ಲ."

ಚಿಕ್ಕಪ್ಪ ಗೋಡೆ ಬಿಟ್ಟು ಹತ್ತಿರ ಬಂದರು. ಇದನ್ನು ಕೇಳಬೇಕು ಅಂತಲೇ ನಲವತ್ತು ವರ್ಷ ಕಾದಿದ್ದರು, ಈಗಲಾದರೂ ಸಮಾಧಾನ ಆಗಿರಬೇಕು ಅಂದುಕೊಂಡೆ. ಅವರ ಮುಖ ನೋಡಿದರೆ ಹಾಗಿರಲಿಲ್ಲ.

"ನೀನು ಬಿಡಲಿಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೆ ಅಣ್ಣ. ಅದು ಸುಳ್ಳು. ಅವತ್ತು ಗರಗಸ ಇಟ್ಟಾಗ ನನ್ನ ಕೈ ನಡುಗ್ತಿತ್ತು. ದೊರೆಗಳ ಕುರ್ಚಿ, ಏನಾಗುತ್ತೋ ಅಂತ. ಯಾರಾದ್ರೂ ಬಂದು ತಡೀಲಿ ಅಂತ ಕಾಯ್ತಿದ್ದೆ. ನೀನು ಬಂದೆ. ಆಮೇಲೂ ಅಪ್ಪ ಒಂದು ವರ್ಷ ಇದ್ದರಲ್ಲ, ನೀನು ಮನೇಲಿ ಇಲ್ಲದಾಗ ಕತ್ತರಿಸಬಹುದಿತ್ತು. ನನಗೂ ಭಯ ಇತ್ತು ಅಣ್ಣ."

ಅಪ್ಪ ಕೈ ಚಾಚಿ ತಮ್ಮನ ಮಣಿಕಟ್ಟು ಹಿಡಿದು ಎಳೆದರು. ಚಿಕ್ಕಪ್ಪ ಅಲ್ಲೇ ನೆಲದ ಮೇಲೆ ಕುಸಿದು ಕೂತು, ಅಣ್ಣನ ತೊಡೆಯ ಮೇಲೆ ಮುಖ ಇಟ್ಟು ಅತ್ತರು. ಅಪ್ಪ ಅವರ ಬೆನ್ನ ಮೇಲೆ ಕೈ ಇಟ್ಟುಕೊಂಡು, ಕಣ್ಣೀರು ಒರೆಸಿಕೊಳ್ಳದೆ ಕೂತಿದ್ದರು.

ಹೊರಗೆ ಜನ ಬರಲು ಶುರುವಾಗಿತ್ತು. ಶರಣಮ್ಮ ತನ್ನ ಗುಂಪಿನವರ ಜೊತೆ ಒಳ್ಳೇ ಸೀರೆ ಉಟ್ಟುಕೊಂಡು ಗೇಟಿನಲ್ಲಿ ನಿಂತಿದ್ದಳು. ಮೇಡಂ ಬಾಗಿಲ ತನಕ ಬಂದು, ಒಳಗೆ ಇಣುಕಿ, ಹಿಂದೆ ಸರಿದರು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಒಳಗೆ ಸ್ವಲ್ಪ ಕೆಲಸ ಬಾಕಿ ಇದೆ, ದಯವಿಟ್ಟು ಕಾಯಿರಿ ಅಂತ ಎಲ್ಲರಿಗೂ ಹೇಳಿದೆ.